ಹೆಸರು ಕೇಳದ ಮನಿ

ರಬಕವಿ

ವಿಮಾನದಾಗ ಹೋಗಿ ಬಂದಾಕಿ ಅಂತ ನಮ್ಮ ಓಣ್ಯಾಗ ನನ್ನ ಮರ್ಯಾದಿ ಈಗ ಒಂದು ಮೊಳ ಹೆಚ್ಚಾಗೇತಿ. ನಳಕ್ಕ ನೀರು ಬಂದಾಗ ಕೊಡ ಹಿಡಕೊಂಡು ನಿಂತ ಹೆಣಮಕ್ಕಳು, ಅಲ್ಲೇನು ನೋಡಿದಿ, ಏನು ತಂದಿ ಅಂತ ಕೇಳತಾರ. ಒಂಟಿ ನೋಡಿದೆ ಅಂತೇನಿ. ಉಪ್ಪಿನ ಸಮುದ್ರ ನೋಡಿದೆ ಅಂತೇನಿ. ಅಷ್ಟಕ್ಕ ಅವರು ಖುಷಿ. ಉಳಿದಿದ್ದು ನಳದ ಮುಂದ ನಿಂತು ಹೇಳೂ ಮಾತಲ್ಲ, ಅದಕ್ಕ ಇಲ್ಲೆ ಬರೀತೇನಿ.

ನನ್ನ ಹೆಸರು ಸುವರ್ಣಾ. ರಬಕವಿಯೊಳಗ ನಮ್ಮವು ನಾಕು ಪಾವರ್‌ಲೂಮ್ ಅದಾವು, ಗಂಡ ತೀರಿದ ಮ್ಯಾಲ ನಾನ ನಡಸತೇನಿ. ಮಗ್ಗದ ಸಪ್ಪಳದಾಗ ಇದ್ದು ಇದ್ದು ನನ್ನ ದನಿ ಜೋರು, ಸಿಟ್ಟೂ ಜೋರು. ತಮ್ಮ ಈರಪ್ಪ ಬನಹಟ್ಟಿಯೊಳಗಿದ್ದ. ನನ್ನಂಗಲ್ಲ, ಬಾಯಿಸತ್ತಾಂವ. ತಾಟಿನ್ಯಾಗ ಹಾಕಿದ್ದನ್ನ ಬ್ಯಾಡ ಅಂದಾಂವಲ್ಲ, ಯಾರ ಮನ್ಯಾಗೂ ಒಂದು ವಾಟಗ ನೀರು ಕೊಡ್ರಿ ಅಂತ ಬಾಯಿಬಿಟ್ಟು ಕೇಳಿದಾಂವಲ್ಲ. ಆದ್ರ ಮಷಿನ್ ರಿಪೇರಿಗೆ ಅವನ ಕೈ ಭಾಳ ಛಲೋ. ಜೋರ್ಡಾನ್ ಅನ್ನೂ ದೇಶದಾಗ ಅರಿವಿ ಹೊಲಿಯೂ ಫ್ಯಾಕ್ಟರಿ ಅದಾವು, ಅಲ್ಲೆ ಮಷಿನ್ ನೋಡಕೊಳ್ಳೂ ಕೆಲಸ ಸಿಕ್ತು ಅಂತ ಹೋದ.

ಸಣ್ಣಾಂವ ಇದ್ದಾಗಿಂದ ಅವಗ ಸಕ್ಕರಿ ಬ್ಯಾನಿ. ಗುಳಗಿಗೆ ಬಗ್ಗೂವಂಥಾದ್ದಲ್ಲ. ದಿನಾ ಎರಡು ಹೊತ್ತು ಹೊಟ್ಟಿ ಚಿವುಟಿ ಹಿಡದು ತಾನ ಸೂಜಿ ಚುಚ್ಚಿಕೊಳ್ಳಬೇಕು. ಹೆಂಡತಿ ಕಸ್ತೂರಿ ಆ ಔಷಧದ ಬಾಟ್ಲಿ ನೀರಿನ ಗಡಗಿಯೊಳಗ ಇಟ್ಟು ಮ್ಯಾಲ ಒದ್ದಿ ಅರಿವಿ ಮುಚ್ಚತಿದ್ಲು, ನಮ್ಮ ಕಡೆ ಕರೆಂಟ್ ನಂಬಾಕ ಬರೂದಿಲ್ಲಂತ.

ಹ್ವಾದ ವರ್ಷ ಥಂಡ್ಯಾಗ ಅಂವ ಸತ್ತ ಅಂತ ಫೋನ್ ಬಂತು. ಎದಿ ನಿಂತು ಸತ್ತ ಅಂದ್ರು ಫ್ಯಾಕ್ಟರಿಯವರು. ಸತ್ತಿದ್ದು ಫ್ಯಾಕ್ಟರಿಯೊಳಗಲ್ಲ. ರಜಾ ದಿನ ಊರು ನೋಡಾಕ ಅಂತ ಬಸ್ ಹತ್ತಿದಾಂವ, ಹಿಮ ಬಿದ್ದು ದಾರಿ ಕಟ್ಟಿ, ಗುರತು ಪರಿಚಯ ಇಲ್ಲದವರ ಮನ್ಯಾಗ ಮೂರು ದಿನ ಇದ್ದು ಅಲ್ಲೇ ಹೋದ. ಹೆಣ ತರಬೇಕಂದ್ರ ತಿಂಗಳಾನುಗಟ್ಟಲೆ ಆಗತೈತಿ ಅಂದ್ರು. ಆ ಮನಿಯವರ ತಮ್ಮ ಜಾಗಾದಾಗ ಮಣ್ಣು ಮಾಡತೇವಿ ಅಂದ್ರಂತ. ಕಸ್ತೂರಿ ಹೂಂ ಅಂದ್ಲು.

ಆಮ್ಯಾಲ ಊರು ಬಾಯಿ ತಗೀತು. ಮೂರು ದಿನ ಮಂದಿ ಮನ್ಯಾಗ ಯಾಕಿದ್ದ, ಕುಡದಿದ್ದನೋ, ಅಲ್ಲೊಂದು ಸಂಸಾರ ಹೂಡಿದ್ದನೋ. ಕಸ್ತೂರಿ ಅದಕ್ಕ ಕಿವಿ ಕೊಡಲಿಲ್ಲ. ಅಕಿ ಹಿಡದಿದ್ದು ಒಂದ ಹಟ: ಆ ಮನಿಯವರು ಅವಗ ಏನೋ ಮಾಡ್ಯಾರ. ಉಪಾಸ ಕೆಡವ್ಯಾರ, ಇಲ್ಲಾ ಹಿಮದಾಗ ಹೊರಗ ಹಾಕ್ಯಾರ. ದಿನಾ ಮುಂಜಾನೆ ದೇವರ ಮುಂದ ದೀಪ ಹಚ್ಚಿ, ಹೆಸರು ಗೊತ್ತಿಲ್ಲದ ಆ ಮಂದಿಗೆ ಶಾಪ ಹಾಕಿದ ಮ್ಯಾಲನ ಅಕಿ ಚಾ ಕುಡಿಯೂದು.

ವರ್ಷ ತುಂಬಿದ ಮ್ಯಾಲ ಸಿಸ್ಟರ್ ಫಿಲೋಮಿನಾ ಅನ್ನವರು ಅಲ್ಲಿಂದ ಫೋನ್ ಮಾಡಿದ್ರು. ಮಂಗಳೂರ ಕಡೆಯವರು, ಅಲ್ಲಿನ ಕ್ರಿಸ್ತಿ ಕನ್ಯಾಸ್ತ್ರೀಯರ ಮಠದಾಗ ಭಾಳ ವರ್ಷದಿಂದ ಅದಾರ. ಆ ಮನಿ ಮುದುಕ ಕ್ರಿಸ್ತಿಯಾಂವ, ಸತ್ತಾವನ ಕಡೆಯವರು ಯಾರರೆ ಬಂದು ನನ್ನ ಮನ್ಯಾಗ ಇದ್ದು ಹೋಗಲಿ ಅಂತ ಹೇಳಿ ಕಳಿಸ್ಯಾನ ಅಂದ್ರು. ಕಸ್ತೂರಿ, ನಾ ಅವರ ಹೊಸಲಿ ತುಳಿಯೂದಿಲ್ಲ ಅಂದ್ಲು. ನನ್ನ ಕೈ ಹಿಡದು ಹೇಳಿದ್ಲು:

“ನೀವು ಹೋಗ್ರಿ ಅಕ್ಕಾರ. ಅಂವ ಹೆಂಗ ಸತ್ತ ಅಂತ ತಿಳಕೊಂಡು ಬರ್ರಿ. ನನಗ ಸಮಾಧಾನ ಹೇಳಬ್ಯಾಡ್ರಿ, ಖರೇ ಹೇಳ್ರಿ.”

ಆತು ಅಂತ ಮಾತು ಕೊಟ್ಟು ಹೋದೆ.

ಅಮ್ಮಾನ್

ಕಸ್ತೂರಿ ಒಂದು ಡಬ್ಬಿ ಶೇಂಗಾ ಹಿಂಡಿ, ಒಂದಿಷ್ಟು ಖಡಕ್ ರೊಟ್ಟಿ, ಗೋರಿಗೆ ಹಚ್ಚಾಕ ವಿಭೂತಿ ಉಂಡಿ ಕಟ್ಟಿಕೊಟ್ಟಿದ್ಲು. ವಿಮಾನ ಇಳದ ಕೂಡಲೆ ಎಲ್ಲಾ ಬಿಚ್ಚಿಸಿದ್ರು. ವಿಭೂತಿ ಕಂಡು ಆ ಸಾಹೇಬ ಮೂಗಿಗೆ ಹಿಡದು ನೋಡಿದ, ಉಗರಲೆ ಕೆರದು ನೋಡಿದ, ಇನ್ನೊಬ್ಬ ಸಾಹೇಬನ್ನ ಕರದ. ಅವರ ಮಾತು ನನಗ ತಿಳೀಲಿಲ್ಲ, ನಂದು ಅವರಿಗೆ ತಿಳೀಲಿಲ್ಲ. ಕಡೀಕ ಸಿಟ್ಟು ಬಂದು ಅವರ ಮುಂದನ ಮೂರು ಬೆರಳಲೆ ಹಣಿಗೆ ಎಳಕೊಂಡು ತೋರಿಸಿದೆ. ಹೆದರಿದ್ರೋ ಏನೋ, ಹೋಗು ಅಂದ್ರು. ಅಷ್ಟರಾಗ ಹಿಂಡಿ ಡಬ್ಬಿ ಮುಚ್ಚಳ ಸಡಲಾಗಿ ಸೀರಿಗೆಲ್ಲ ಬಳ್ಳೊಳ್ಳಿ ವಾಸನಿ ಹತ್ತಿತ್ತು. ಪರದೇಶಕ್ಕ ನಾ ಹಿಂಗ ನಾರಿಕೋತ ಕಾಲಿಟ್ಟೆ.

ಹೊರಗ ಸಿಸ್ಟರ್ ನಿಂತಿದ್ರು. ಬೂದಿ ಬಣ್ಣದ ನಿಲುವಂಗಿ, ಕಾಲಾಗ ಓಡೂ ಹುಡುಗರ ಬೂಟು. ಪ್ರಯಾಣ ಸುಖಕರವಾಗಿತ್ತೇ ಅಂದ್ರು. ಸಾಲಿ ಬಿಟ್ಟ ಮ್ಯಾಲ ಅಂಥಾ ಕನ್ನಡ ನನ್ನ ಕಿವಿಗೆ ಬಿದ್ದಿದ್ದಿಲ್ಲ. ಮುಂದ ಅಲ್ಲಿಯವರ ಮಾತು ಅಂತ ನಾ ಬರದಿದ್ದೆಲ್ಲ ಸಿಸ್ಟರ್ ಅರಬಿಯಿಂದ ತಮ್ಮ ಪುಸ್ತಕದ ಕನ್ನಡಕ್ಕ ತಂದಿದ್ದು, ನಾ ಅದನ್ನ ನಮ್ಮ ಮಾತಿಗೆ ತಿರಗಿಸೇನಿ.

ಗಾಡ್ಯಾಗ ಕುಂತ ಮ್ಯಾಲ ನನ್ನ ಚಾಳಿ ಸುರು ಆತು. ನಮ್ಮ ಕಡೆ ಬನಹಟ್ಟಿಯೊಳಗ ಬಸ್ ಹತ್ತಿದ್ರ ಚಿಮ್ಮಡ ಬರೂದ್ರಾಗ ಬಾಜೂಕ ಕುಂತಾಕಿ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಮೊಣಕಾಲು ನೋಯತಾವೋ ಇಲ್ಲೋ ಎಲ್ಲಾ ತಿಳದಿರತೈತಿ. ಸಿಸ್ಟರ್ ಮುಖಾಂತರ ಡ್ರೈವರನ್ನ ಕೇಳಿಕೋತ ಹೋದೆ. ಅಂವ ಎಲ್ಲಕ್ಕೂ ಉತ್ತರ ಕೊಟ್ಟ, ತಿರಗಿ ನನ್ನ ಒಂದು ಮಾತೂ ಕೇಳಲಿಲ್ಲ. ಇಂವೆಂಥಾ ಸೊಕ್ಕಿನಾಂವ ಅಂದೆ. ಸಿಸ್ಟರ್ ನಕ್ಕರು. ಅದು ಸೊಕ್ಕಲ್ಲಂತ. ಇಲ್ಲಿ ಹಳ್ಳಿ ಮಂದಿ, ಮುಸಲ್ಮಾನರಿರಲಿ ಕ್ರಿಸ್ತಿಯವರಿರಲಿ, ಮನೀಗೆ ಬಂದ ಗುರತಿಲ್ಲದಾವನ್ನ ಮೂರು ದಿನ ಏನೂ ಕೇಳೂದಿಲ್ಲಂತ. ಹೆಸರು ಕೇಳೂದಿಲ್ಲ, ಊರು ಕೇಳೂದಿಲ್ಲ, ಯಾಕ ಬಂದಿ ಅಂತನೂ ಕೇಳೂದಿಲ್ಲ. ಉಣಿಸಿ, ಮಲಗಿಸಿ, ಮೂರು ದಿನ ಕಳದ ಮ್ಯಾಲ ಬೇಕಾದ್ರ ಕೇಳತಾರಂತ. ಮೊದಲ ಕೇಳಿದ್ರ ಹಾಕಿದ ಅನ್ನಕ್ಕ ಲೆಕ್ಕಾ ಕೇಳಿದಂಗ.

ನನಗ ನಾಚಿಕಿ ಆತು. ಖರೇ ಹೇಳಬೇಕಂದ್ರ, ನಮ್ಮ ಕಡೆ ಕೇಳೂದು ಬರೇ ಪ್ರೀತಿಗಲ್ಲ. ಯಾವ ಮಂದಿ ಅಂತ ಗೊತ್ತಾದ ಮ್ಯಾಲ ಒಳಗ ಕರೀಬೇಕೋ ಕಟ್ಟಿ ಮ್ಯಾಲ ಕುಂಡ್ರಸಬೇಕೋ, ಸ್ಟೀಲಿನ ವಾಟಗ ಕೊಡಬೇಕೋ ಬ್ಯಾರೆದ್ದು ಕೊಡಬೇಕೋ ಅಂತ ನೋಡಾಕ ಕೇಳತೇವಿ. ನಮ್ಮತ್ತಿ ಸಾಯೂತನಕ ಹಂಗ ಮಾಡಿದ್ಲು. ಈ ಮಂದಿ ನಮಗಿಂತ ಛಲೋ ಅಂತ ಆವತ್ತು ಮನಸಿನ್ಯಾಗ ಅಂದಕೊಂಡೆ.

ಉಪ್ಪಿನ ಸಮುದ್ರ

ದಾರ್ಯಾಗ ಆ ಹೆಸರಾದ ಸಮುದ್ರ ಬರತೈತಿ. ಮೀನಿಲ್ಲ, ಪಾಚಿಲ್ಲ, ಹಕ್ಕಿಲ್ಲ. ನಮ್ಮ ಕೃಷ್ಣಾ ಹೊಳಿ ಬ್ಯಾಸಗ್ಯಾಗ ಬತ್ತಿ ಹೊಂಡಾ ಬಿದ್ರೂ ಅದರಾಗ ಎಮ್ಮಿ ಕುಂತಿರತಾವು, ಹುಡುಗರು ಮೀನು ಹಿಡೀತಿರತಾವು. ಇದು ಸತ್ತ ನೀರು. ಕಾಲಿಟ್ಟೆ. ಹಿಮ್ಮಡ ಒಡದಿತ್ತು, ಉಪ್ಪು ಹತ್ತಿ ಜೀವಾ ಹ್ವಾದಂಗಾತು, ಸೀರಿ ಎತ್ತಿಕೊಂಡು ಕುಣಿಕೋತ ದಂಡಿಗೆ ಬಂದೆ.

ಸಿಸ್ಟರ್ ಬಾಟ್ಲಿ ನೀರಲೆ ಕಾಲು ತೊಳಕೋ ಅಂದು, ಕುಂತು ಒಂದು ಕತಿ ಹೇಳಿದ್ರು. ಅವರ ಧರ್ಮದ ಹಳೇ ಕತಿ, ಇದ ದಂಡಿ ಮ್ಯಾಲ ಆಗಿದ್ದಂತ. ಲೋಟ ಅಂತ ಒಬ್ಬಾಂವ ಇಬ್ಬರು ಗುರತಿಲ್ಲದವರನ್ನ ಮನೀಗೆ ಕರದು ಉಣ್ಣಾಕ ಇಟ್ಟ. ಊರ ಗಂಡಸರು ಬಂದು ಬಾಗಲಾ ಬಡದ್ರು, ಅವರಿಬ್ಬರನ್ನ ಹೊರಗ ಹಾಕು, ನಾವು ಅವರ ಮಾನಾ ಕಳೀತೇವಿ ಅಂತ. ಲೋಟ ಹೊರಗ ಬಂದು ಬಾಗಲಾ ಮುಚ್ಚಿಕೊಂಡು ನಿಂತ. ಅವರು ನನ್ನ ಸೂರಿನ ಕೆಳಗ ಬಂದವರು, ಅವರನ್ನ ಮುಟ್ಟಬ್ಯಾಡ್ರಿ, ಬೇಕಂದ್ರ ನನ್ನ ಇಬ್ಬರು ಹೆಣಮಕ್ಕಳನ್ನ ಕೊಡತೇನಿ ಅಂದ.

ಕಾಲು ಉರಿಯೂದು ಮರತು ಎದ್ದು ನಿಂತೆ. ಆ ಹುಡಗ್ಯಾರನ್ನ ಯಾರರೆ ಕೇಳಿದ್ರೇನು ಅಂದೆ. ಅದರ ಮಾತು ಕತಿಯೊಳಗಿಲ್ಲ ಅಂದ್ರು ಸಿಸ್ಟರ್. ಬಂದವರು ದೇವದೂತರಿದ್ರಂತ, ಹುಡಗ್ಯಾರಿಗೆ ಏನೂ ಆಗಲಿಲ್ಲಂತ, ಊರ ಸುಟ್ಟು ಹೋತಂತ. ದೇವದೂತರು ಅಲ್ಲದಿದ್ರ ಅಂದೆ. ಅವರು ಬಾಟ್ಲಿ ಮುಚ್ಚಳಾ ಹಾಕಿದ್ರು. ಆಮ್ಯಾಲ, ಕಡೀ ದಿನ ದೇವರು ಕೇಳೂ ಪ್ರಶ್ನಿಗಳೊಳಗ ಇದೂ ಒಂದು ಅಂದ್ರು: ನಾನು ಪರದೇಶಿಯಾಗಿ ನಿನ್ನ ಬಾಗಲಿಗೆ ಬಂದಾಗ ಒಳಗ ಕರದಿಯೋ ಇಲ್ಲೋ. ನಾವು ಹೊಂಟ ಮನಿಯ ಮುದುಕ ಈ ಒಂದು ಪ್ರಶ್ನಿಗೆ ಜೀವಾ ಹಿಡಕೊಂಡು ಕುಂತಾನ ಅಂದ್ರು.

ಗುಡ್ಡದ ಮ್ಯಾಲಿನ ಮನಿ

ಅಲ್ಲಿಂದ ಗಾಡಿ ಗುಡ್ಡಾ ಹತ್ತಿ ಹತ್ತಿ ಕಿವಿ ಗಂಯ್ ಅಂದವು. ದಾರ್ಯಾಗ ಕುರಿ ಹಿಂಡು ಅಡ್ಡ ಬಂತು. ಕಂಬಳಿ ಹೊದ್ದ ಮುದುಕ, ಕೈಯಾಗ ಕೋಲು, ನಾಯಿಗೆ ಬೈಕೋತ ಹೊಂಟಿದ್ದ. ನಮ್ಮ ಹುನ್ನೂರ ಕಡೆಯ ಬೀರೇಶ್ವರನ ಒಕ್ಕಲದ ಕುರುಬರನ್ನ ನೋಡಿದಂಗಾತು.

ಊರು ಅಂದ್ರ ಒಂದು ಸಣ್ಣ ಚರ್ಚು, ಕಲ್ಲಿನ ಮನಿ, ಅಂಜೂರದ ಗಿಡಾ. ನಮ್ಮ ಗಾಡಿ ಕಂಡ ಕೂಡಲೆ ಎಪ್ಪತ್ತು ದಾಟಿದ ಮುದುಕ ಊರುಗೋಲು ಬಿಟ್ಟು ಓಡಿಕೋತ ಬಂದ. ಖರೇನ ಓಡಿಕೋತ. ಅಂವ ಅಬು ಈಸಾ. ಅಂದ್ರ ಈಸಾನ ಅಪ್ಪ. ಹೆಂಡತಿ ಉಮ್ಮ್ ಈಸಾ, ಈಸಾನ ಅವ್ವ. ಅಲ್ಲೆ ಹಿರೀ ಮಗನ ಹೆಸರಲೆ ಕರಿಯೂದು, ನಮ್ಮ ಕಡೆಯಂಗ.

ಒಳಗ ಕುಂಡ್ರಿಸಿ ಸಣ್ಣ ಬಟ್ಟಲದಾಗ ಕಹಿ ಕಾಫಿ ಕೊಟ್ಟ. ಕುಡದು ಕೊಟ್ಟೆ, ತುಂಬಿಸಿದ. ಮತ್ತ ಕುಡದೆ, ಮತ್ತ ತುಂಬಿಸಿದ. ಬ್ಯಾಡ ಅನ್ನೂದು ಹೆಂಗ ಅಂತ ತಿಳೀದ ಎದಿ ಡವಡವ ಅನ್ನೂತನಕ ಕುಡದೆ. ಬಟ್ಟಲ ಅಲ್ಲಾಡಿಸಿ ಕೊಡಬೇಕಂತ, ಆಗ ಬಿಡತಾರಂತ. ಸಿಸ್ಟರ್ ಹೇಳೂದ್ರಾಗ ನನ್ನ ಕೈ ತಾವಾಗೇ ಅಲ್ಲಾಡಾಕತ್ತಿದ್ದವು.

ಅದರ ಹಿಂದನ ಚಾ ಬಂತು. ಚಾ ಅಲ್ಲ, ಸಕ್ಕರಿ ಪಾಕ. ಅದರ ಕೂಡ ಖಾರೀಕಿನಂಥಾ ಸಿಹಿ ಹಣ್ಣು, ಬೆಲ್ಲದಂಥಾ ದ್ರಾಕ್ಷಿ ಕಾಕಂಬಿ, ರೊಟ್ಟಿ. ಸಕ್ಕರಿ ನನಗೂ ಐತಿ, ನಂದು ಗುಳಗಿಗೆ ಬಗ್ಗೂವಂಥಾದ್ದು. ಬ್ಯಾಡ ಅನ್ನಬೇಕಂತ ಮಾಡಿದೆ. ಮುದುಕಿ ಎದುರಿಗೆ ಕುಂತು ನನ್ನ ಬಾಯಿನ ನೋಡಾಕತ್ತಿದ್ಲು. ಮಂದಿ ಮನ್ಯಾಗ ಕುಂತು ಹೆಂಗ ಬ್ಯಾಡ ಅನ್ನೂದು? ಕುಡದೆ. ಅಕಿ ಮುಖಾ ಅರಳಿತು, ಮತ್ತ ಹಾಕಿದ್ಲು.

ಅಬು ಈಸಾ ತಮ್ಮ ಮೂಲಪುರುಷ ಅಬ್ರಹಾಮನ ಕತಿ ಹೇಳಿದ. ಸುಡೂ ಮಧ್ಯಾಹ್ನ ಅಂವ ಗುಡಾರದ ಬಾಗಲಾಗ ಕುಂತಿದ್ದ, ದೂರದಾಗ ಮೂವರು ಕಂಡ್ರು, ವಯಸ್ಸಾದಾಂವ ಎದ್ದು ಓಡಿ ಹೋಗಿ ಕರದ, ಕಾಲಿಗೆ ನೀರು ಕೊಟ್ಟ, ಹೆಂಡತಿ ಕಡೆ ರೊಟ್ಟಿ ಬಡಿಸಿದ, ಎಳೀ ಕರಾ ಕೊಯಿಸಿದ, ಅವರು ಉಣ್ಣೂತನಕ ಗಿಡದ ಕೆಳಗ ನಿಂತ. ಯಾರು ನೀವು ಅಂತ ಕೇಳಲಿಲ್ಲ. ಬಂದಾಂವ ದೇವರು ಇದ್ದ. ಕೇಳಿದ್ರ ಹೊಂಟ ಹೋಗತಿದ್ದ ಅಂದ ಅಬು ಈಸಾ. ಗ್ರಂಥದಾಗ ಹಂಗೇನೂ ಬರದಿಲ್ಲ, ಅದು ಇವರು ಸೇರಿಸಿದ ಮಾತು ಅಂತ ಸಿಸ್ಟರ್ ನನ್ನ ಕಿವ್ಯಾಗ ಹೇಳಿದ್ರು.

ನನ್ನ ಸಿಟ್ಟು ಅರ್ಧಾ ಇಳದು ಹೋತು. ಉಪಾಸ ಕೆಡವೂ ಮಂದಿ ಇವರಲ್ಲ. ಹಂಗಾದ್ರ ಈರಪ್ಪ ಹೆಂಗ ಸತ್ತ? ಮುದುಕ ನನ್ನ ಮುಖಾ ನೋಡತಿದ್ದ, ಏನೋ ಕೇಳಾಕ ಬಾಯಿ ತಗೀತಿದ್ದ, ಮತ್ತ ಮುಚ್ಚತಿದ್ದ. ಸಿಸ್ಟರ್ ಆಮ್ಯಾಲ ಹೇಳಿದ್ರು, ಅವಗೂ ಅದ ಬೇಕಾಗೇತಿ, ನಿನ್ನ ತಮ್ಮ ಯಾಕ ಸತ್ತ ಅಂತ ತಿಳೀಬೇಕಾಗೇತಿ. ಆದ್ರ ನೀ ಈಗ ಅತಿಥಿ, ಕೇಳಾಂಗಿಲ್ಲ. ನೀನಾಗೇ ಹೇಳಬೇಕು.

ಮಲಗಾಕ ಈರಪ್ಪ ಮಲಗಿದ್ದ ಕೋಲಿನ ಕೊಟ್ರು. ಅದ ಹಾಸಿಗಿ, ಅದ ಕೆಂಪು ರಗ್ಗು. ನಾ ರಗ್ಗು ಮೂಸಿ ನೋಡಿದೆ. ಸೋಪಿನ ವಾಸನಿ ಬಿಟ್ರ ಏನೂ ಇದ್ದಿಲ್ಲ.

ಗೋರಿ

ಮರುದಿನ ಮುಂಜಾನೆ ಅಬು ಈಸಾ ತನ್ನ ಮನೆತನದ ಗೋರಿಗಳ ಕಡೆ ಕರಕೊಂಡು ಹೋದ. ಎಲ್ಲಾ ಕಲ್ಲಿಗೂ ಶಿಲುಬಿ, ಒಂದಕ್ಕ ಇಲ್ಲ. ನಮ್ಮ ಕಡೆ ಕುಂಡ್ರಿಸಿ ಮಣ್ಣು ಮಾಡತೇವಿ, ಇಲ್ಲೆ ಮಲಗಿಸಿದ್ರು. ಗಾಳಿ ಅಂದ್ರ ಗಾಳಿ, ವಿಭೂತಿ ಹಚ್ಚಿದ್ದು ಹಚ್ಚಿದಂಗ ಹಾರಿ ಹೋತು. ಕಲ್ಲಿನ ಮ್ಯಾಲ ಒಂದ ಅರಬಿ ಮಾತು ಕೆತ್ತಿದ್ರು. ಏನದು ಅಂದೆ. ‘ಅತಿಥಿ’ ಅಂದ್ರು ಸಿಸ್ಟರ್.

ಅಂವ ಸತ್ತ ಮ್ಯಾಲ ಪೊಲೀಸರು ಬಂದು ಹೆಸರು ಹೇಳಿದ್ರಂತಲ್ಲ, ಹಂಗಿದ್ದೂ ಅತಿಥಿ ಅಂತ ಯಾಕ ಬರಸಿದ್ರಿ, ಅವಗ ಹೆಸರಿತ್ತು ಅಂದೆ. ಅದಕ್ಕಿಂತ ದೊಡ್ಡ ಹೆಸರು ನಮ್ಮಲ್ಲಿಲ್ಲ ಅಂದ ಮುದುಕ. ಕ್ರಿಸ್ತಿ ಅಲ್ಲದಾವನ್ನ ಇಲ್ಲೆ ಹೂಳಾಕ ಪಾದ್ರಿ ಒಪ್ಪಲಿಲ್ಲಂತ. ಅಬ್ರಹಾಮನೂ ಪರದೇಶಿಯಾಗಿನ ಹೆಂಡತಿ ಗೋರಿಗೆ ಬ್ಯಾರೆ ಮಂದಿ ಕಡೆ ಜಾಗಾ ಬೇಡಿದ್ದ ಅಂತ ಈ ಮುದುಕ ಚರ್ಚಿನ ಬಾಗಲಾಗ ಜಗಳಾ ತಗದಿದ್ದನಂತ. ಪಾದ್ರಿ ಸೋತನಂತ. ಇಂಥಾವನ ಮ್ಯಾಲ ನಾ ಹೆಂಗ ಸಿಟ್ಟಾಗೂದು? ಅತ್ತೆ. ಮುದುಕನೂ ಅತ್ತ. ಸಿಸ್ಟರ್ ದೂರ ನಿಂತು ಏನೋ ಜಪಾ ಮಾಡಿದ್ರು.

ಉಮ್ಮ್ ಈಸಾ ಹೇಳಿದ್ದು

ಮನೀಗೆ ಬಂದ ಮ್ಯಾಲ ಉಮ್ಮ್ ಈಸಾ ನನ್ನ ಮುಂದ ಮತ್ತ ಚಾ, ಹಣ್ಣು ಇಟ್ಟು ತಾನಾಗೇ ಮಾತು ತಗದ್ಲು. ನಿನ್ನ ತಮ್ಮನ್ನ ನಾವು ಹೆಂಗ ನೋಡಕೊಂಡ್ವಿ ಅಂತ ನಿನಗ ತಿಳೀಬೇಕು ಅಂದ್ಲು. ಹಿಮದಾಗ ಬಸ್ ನಿಂತು, ಎಲ್ಲಾರೂ ತಮ್ಮ ತಮ್ಮ ಬಳಗದವರ ಮನೀಗೆ ಹೋದ್ರಂತ, ಇಂವ ಒಬ್ಬನ ಚರ್ಚಿನ ಗ್ವಾಡಿಗೆ ಆತು ನಿಂತಿದ್ದನಂತ. ಅಬು ಈಸಾ ತನ್ನ ಕೋಟು ಅವಗ ಹೊಚ್ಚಿ ಕರತಂದ. ಕರೆಂಟಿಲ್ಲ, ಫೋನಿಲ್ಲ. ಒಲಿ ಮುಂದ ಕುಂಡ್ರಿಸಿದ್ರು. ಒಂದು ಕುರಿ ಕೊಯ್ದ್ರು.

ಈರಪ್ಪ ಮಾಂಸ ಮುಟ್ಟಲಿಲ್ಲ. ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ಲ. ಮುದುಕಿಗೆ ಜೀವಾ ಹ್ವಾದಂಗಾತಂತ. ಅತಿಥಿ ಉಣ್ಣವಲ್ಲ. ಯಾಕ ಅಂತ ಕೇಳಾಂಗಿಲ್ಲ. ಏನು ಸೇರತೈತಿ ಅಂತ ಒಂದೊಂದ ತಂದು ಇಟ್ಟು ನೋಡಿದ್ಲಂತ. ಹಣ್ಣು ಇಟ್ರ ತಿಂದ. ಜೇನತುಪ್ಪ ಇಟ್ರ ತಿಂದ. ಸಕ್ಕರಿ ಪಾಕದಾಗ ಅದ್ದಿದ ರೊಟ್ಟಿ ಮಾಡಿದ್ರ ಅದನ್ನೂ ಬಿಡದ ತಿಂದ, ಎರಡೂ ಕೈ ಜೋಡಿಸಿದ. ಪಾಪ, ಸಿಹಿ ಅಂದ್ರ ಅವಗ ಪ್ರೀತಿ ಅಂತ ತಿಳದು ಇದ್ದಿದ್ದೆಲ್ಲ ಹಾಕಿದೆ ಅಂದ್ಲು ಮುದುಕಿ, ಖುಷೀಲೆ.

ನನ್ನ ಕೈಯಾಗಿನ ಗ್ಲಾಸು ಅಲ್ಲೇ ನಿಂತಿತು. ನನ್ನ ತಮ್ಮ, ಆ ಕೂಸು, ಬ್ಯಾಡ ಅನ್ನಾಕ ಆಗದ ತಿಂದಾನ.

ಅಕಿ ಹೇಳಿಕೋತ ಹೋದ್ಲು. ಎರಡನೇ ದಿನ ಅವಗ ನೀರಡಿಕಿ ಅಂದ್ರ ನೀರಡಿಕಿ, ಕೊಡ ಕೊಡ ನೀರು ಕುಡದ. ಬರೇ ನೀರು ಹೆಂಗ ಕೊಡೂದಂತ ಚಾ ಕೊಟ್ಲು. ವಾಂತಿ ಮಾಡಿಕೊಂಡ, ನಮ್ಮ ಊಟ ಒಗ್ಗಲಿಲ್ಲ ಅಂತ ಎಲಿ ಕುದಿಸಿ ಸಕ್ಕರಿ ಹಾಕಿ ಕುಡಿಸಿದ್ಲು. ಉಸರು ಜೋರಾಗಿ ಬಿಡತಿದ್ದ, ಬಾಯಿಗೆ ಕಳತ ಹಣ್ಣಿನ ವಾಸನಿ ಬರತಿತ್ತು. ಮೂರನೇ ದಿನ ಮುಂಜಾನೆ ಎದ್ದು ಕುಂತು ಮುದುಕಿ ಕಡೆ ನೋಡಿ, ಅಂಗಿ ಎತ್ತಿ, ಹೊಟ್ಟಿ ಎರಡು ಬೆರಳಲೆ ಚಿವುಟಿ ಹಿಡದು ತೋರಿಸಿದ. ಹಸದಾನ ಅಂತ ತಿಳದ್ಲು. ಓಡಿ ಹೋಗಿ ಜೇನತುಪ್ಪ ತಂದು ತಾನ ಕೈಯಾರೆ ಬಾಯಿಗೆ ಹಾಕಿದ್ಲು. ಆಮ್ಯಾಲ ಅಂವ ಮಲಗಿದ. ಅತಿಥಿನ್ನ ಎಬ್ಬಿಸಬಾರದು ಅಂತ ಬಿಟ್ರು.

ಸಿಸ್ಟರ್ ಅನುವಾದ ಮಾಡಿಕೋತ ಮಾಡಿಕೋತ ನನ್ನ ಮುಖಾ ನೋಡಿ ನಿಂತರು. ಈರಪ್ಪನ ಬ್ಯಾನಿ ನಾ ಅವರಿಗೆ ಹೇಳಿದ್ದೆ.

ಯಾರಿಗರೆ ತೋರಿಸಬಾರದಿತ್ತೇನ್ರಿ ಅಂದೆ. ಅದಕ್ಕ ಅಬು ಈಸಾ ಎದಿ ಸೆಟಸಿ ಹೇಳಿದ. ಎರಡನೇ ದಿನ ಊರ ಸಾಲಿ ಮಾಸ್ತರ ಹಿಮದಾಗ ನಡಕೋತ ಬಂದಿದ್ದನಂತ, ಅವಗ ಇಂಗ್ಲಿಷ್ ಬರತೈತಿ. ಯಾರಿಂವ, ಎಲ್ಲಿಯಾಂವ, ನಾ ಮಾತಾಡಸತೇನಿ ಅಂದನಂತ. ಇಂವ ಬಾಗಲಾಗ ಅಡ್ಡ ನಿಂತು, ಮೂರು ದಿನ ಆಗಲಿ, ನನ್ನ ಸೂರಿನ ಕೆಳಗ ನನ್ನ ಅತಿಥಿನ್ನ ಯಾರೂ ವಿಚಾರಣಿ ಮಾಡಾಂಗಿಲ್ಲ ಅಂತ ಹೊಸಲಿಂದನ ತಿರಗಿ ಕಳಿಸಿದನಂತ.

ಈರಪ್ಪಗ ಫ್ಯಾಕ್ಟರಿಯೊಳಗ ಕಲತ ನಾಕು ಇಂಗ್ಲಿಷ್ ಮಾತು ಬರತಿದ್ದವು. ಶುಗರ್ ಅನ್ನಾಕ ಬರತಿತ್ತು, ಇಂಜೆಕ್ಷನ್ ಅನ್ನಾಕ ಬರತಿತ್ತು. ಹಿಮದಾಗ ನಡಕೋತ ಬಂದ ಆ ಮಾಸ್ತರ, ನಡಕೋತನ ಔಷಧಾ ತರಾಕ ಯಾರನ್ನರೆ ಕಳಸತಿದ್ದ. ಕರದು ಒಂದು ಮಾತು ಕೇಳಿದ್ರ ಸಾಕಿತ್ತು. ನಮ್ಮ ಕಡೆಯ ಯಾವ ಬಾಯಿಬಡಕಿ ಮುದುಕಿಯರೆ ಆ ಮನ್ಯಾಗ ಇದ್ರೂ, ಬಂದ ಗಳಿಗ್ಯಾಗ ಕೈ ಸನ್ನಿ ಮಾಡಿ ಅವನ ಬ್ಯಾನಿ ಬ್ಯಾಸರಕಿ ಎಲ್ಲಾ ಕಿತ್ತಿ ಕೇಳತಿದ್ಲು.

ನಾ ಅಂಗಳಕ್ಕ ಎದ್ದು ಹೋದೆ. ಸಿಸ್ಟರ್ ಹಿಂದ ಬಂದ್ರು. ಹೇಳಬೇಡಿ ಎನ್ನಲಾರೆ, ಹೇಳಿ ಎನ್ನಲೂ ಆರೆ ಅಂದ್ರು. ನನಗ ತಿಳದಿತ್ತು. ಹೇಳಿದ್ರ ಈ ಮುದುಕರಿಬ್ಬರೂ ಇನ್ನ ಬದಕಿರೂತನಕ ಒಂದು ತುತ್ತು ಸರಿಯಾಗಿ ನುಂಗೂದಿಲ್ಲ. ಹೇಳದಿದ್ರ, ನಾಳೆ ಮತ್ತೊಬ್ಬ ಅನಾಥ ಹಿಮದಾಗ ಬಂದು ಆ ಗ್ವಾಡಿಗೆ ನಿಂತಾನು, ಇವರು ಓಡಿ ಹೋಗಿ ಕರತಂದಾರು. ನಮ್ಮ ಈರಪ್ಪ ಸುಮ್ಮನಿದ್ದು ಸತ್ತ. ನಾನೂ ಉಂಡ ಮನಿ ಮರ್ಯಾದಿ ಅಂತ ಸುಮ್ಮನ ಎದ್ದು ಬರೂದೇನು?

ಒಳಗ ಹೋಗಿ ನಿಂತ ಹೇಳಿದೆ. ಅವಗ ಸಕ್ಕರಿ ಬ್ಯಾನಿ ಇತ್ತು, ದಿನಾ ಸೂಜಿ ಬೇಕಿತ್ತು, ಸಂಜೀಕ ತಿರಗಿ ಹೋಗತೇನಿ ಅಂತ ಔಷಧಾ ಫ್ಯಾಕ್ಟರಿ ಕೋಲ್ಯಾಗ ಬಿಟ್ಟು ಬಂದಿರಬೇಕು. ಹೊಟ್ಟಿ ಚಿವುಟಿ ತೋರಿಸಿದ್ದು ಹಸದಿದ್ದಕ್ಕಲ್ಲ, ಸೂಜಿ ಕೇಳಿದ್ದು. ಸಿಸ್ಟರ್ ಒಂದೊಂದ ಮಾತು ತಡದು ತಡದು ಹೇಳಿದ್ರು. ಅಬು ಈಸಾ ಇನ್ನೊಮ್ಮೆ ಹೇಳು ಅಂದ. ಇನ್ನೊಮ್ಮೆ ಹೇಳಿದ್ರು. ಅಂವ ಗ್ವಾಡಿ ಹಿಡಕೊಂಡ. ಅಬ್ರಹಾಮ ಕೇಳಲಿಲ್ಲ ಅಂದ, ನನಗಲ್ಲ, ತನಗ ತಾನ ಅಂದಂಗ.

“ಅವನ ಬಾಗಲಿಗೆ ಬಂದಾಂವ ದೇವರಿದ್ದನಂತ್ರಿ. ನಿಮ್ಮ ಬಾಗಲಿಗೆ ಬಂದಾಂವ ನಮ್ಮ ಈರಪ್ಪ. ಮನಷ್ಯಾಗ ಬ್ಯಾನಿ ಇರತಾವ್ರಿ. ಅವನ್ನ ಕೇಳಬೇಕಿತ್ರಿ.”

ಅಂವ ಹೊರಗ ಹೋಗಿ ಬಾಗಲಾಗ ನಮಗ ಬೆನ್ನು ಮಾಡಿ ನಿಂತ. ಮುದುಕಿ ಅಲ್ಲಾಡಲಿಲ್ಲ, ಅಳಲೂ ಇಲ್ಲ. ತನ್ನ ಬಲಗೈ ನೋಡಕೋತ ಕುಂತಿದ್ಲು, ಜೇನತುಪ್ಪ ತಿನಿಸಿದ ಕೈ ಅದು. ಒಲಿ ಮ್ಯಾಲಿನ ನೀರು ಕುದ್ದು ಕುದ್ದು ಹೊರಗ ಚೆಲ್ಲಿತು, ಯಾರೂ ಏಳಲಿಲ್ಲ. ಆಮ್ಯಾಲ ಅಕಿ ಮೊಣಕಾಲ ಮ್ಯಾಲ ತೆವಳಿಕೋತ ನನ್ನ ಹತ್ರ ಬಂದು, ನನ್ನ ಮುಂದಿನ ಚಾದ ಗ್ಲಾಸು ನೋಡಿ, ನನ್ನ ಮುಂಗೈ ಹಿಡದು ಏನೋ ಕೇಳಿದ್ಲು. ಸಿಸ್ಟರ್ ತಲಿ ತಗ್ಗಿಸಿದ್ರು. ಅಕಿ ಮತ್ತ ಕೇಳಿದ್ಲು.

ನಿನಗೂ ಐತೇನು ಅಂತ ಕೇಳಾಕತ್ತಿದ್ಲು.

ಐತ್ರಿ ಅಂದೆ. ಸುಳ್ಳು ಹೇಳಬೇಕಿತ್ತೇನೋ, ಬಾಯಿಗೆ ಬರಲಿಲ್ಲ. ನಿನ್ನೆಯಿಂದ ಅಕಿ ಹಾಕಿದ್ದನ್ನೆಲ್ಲ ನಾನೂ ಬಾಯಿ ಮುಚ್ಚಿಕೊಂಡು ಕುಡದಿದ್ದೆ. ಅಕಿ ಗ್ಲಾಸು, ಹಣ್ಣು, ಕಾಕಂಬಿ ಎಲ್ಲಾ ನನ್ನ ಮುಂದಿಂದ ಬಳದು ಒಯ್ದು ಹಿತ್ತಲದಾಗ ಒಗದು ಬಂದ್ಲು. ಬರೇ ನೀರು ತಂದು ಕೊಟ್ಲು. ಆಗ ಅತ್ಲು, ಎದಿ ಬಡಕೊಂಡು. ಆ ಅಳುವಿನ್ಯಾಗನ ಕೇಳಾಕತ್ತಿದ್ಲು. ಅವಗ ಮಕ್ಕಳೆಷ್ಟು, ಹೆಂಡತಿ ಹೆಸರೇನು, ಏನು ಉಣ್ಣತಿದ್ದ, ಹಾಡು ಬರತಿತ್ತೇನು, ಅವ್ವ ಎಂದ ಸತ್ಲು. ನಾ ಒಂದೊಂದಕ್ಕ ಉತ್ತರ ಕೊಟ್ಟೆ. ಬಾಗಲಾಗ ನಿಂತ ಮುದುಕ ಅಕಿನ್ನ ತಡೀಲಿಲ್ಲ. ನಾವು ಹೊಂಡೂ ಹೊತ್ತಿಗೆ ರಸ್ತೆತನಕ ಕಳಸಾಕ ಅಂವ ಬರಲೂ ಇಲ್ಲ, ಬಾಗಲಾ ಬಿಟ್ಟು ಸರದ ನಿಂತ, ಅಷ್ಟ.

ಕಸ್ತೂರಿ

ರಬಕವಿಗೆ ಬಂದಾಕಿ ಚೀಲಾ ಇಟ್ಟು ಮೊದಲ ಬನಹಟ್ಟಿಗೆ ಹೋದೆ. ಓಣ್ಯಾಗಿನ ಮಗ್ಗಾ ಸಪ್ಪಳ ಮಾಡಾಕತ್ತಿದ್ದವು. ಕಸ್ತೂರಿ ಕಂಡಿಕಿಗೆ ನೂಲು ಸುತ್ತಿಕೋತ ಕುಂತಿದ್ಲು. ಮಾತು ಕೊಟ್ಟಂಗ ಎಲ್ಲಾ ಹೇಳಿದೆ, ಕೋಟು ಹೊಚ್ಚಿದ್ದು, ಕುರಿ ಕೊಯ್ದದ್ದು, ಜೇನತುಪ್ಪ, ಮಾಸ್ತರನ್ನ ತಿರಗಿ ಕಳಿಸಿದ್ದು, ಪಾದ್ರಿ ಕೂಡ ಜಗಳಾಡಿ ಜಾಗಾ ಕೊಟ್ಟಿದ್ದು. ಹೊಟ್ಟಿ ಚಿವುಟಿ ತೋರಿಸಿದ್ದನ್ನೂ ಹೇಳಿದೆ. ಅಲ್ಲಿಗೆ ಅಕಿ ಕೈ ನಿಂತವು.

ಅಳತಾಳ ಅಂತ ತಿಳದು ಹತ್ರ ಸರದೆ. ಅಳಲಿಲ್ಲ. ಅವನ ಔಷಧದ ಗಡಗಿ ಇಡತಿದ್ದ ಮೂಲಿ ಕಡೆ ನೋಡಿದ್ಲು. ಊರ ಮಂದಿ ಅಂದಿದ್ದೆಲ್ಲ ಸುಳ್ಳಾತಲ್ಲ, ಅಷ್ಟರೆ ಸಮಾಧಾನ ಮಾಡಕೋ ಅಂದೆ. ಅದು ಅಕಿ ಕಿವಿಗೆ ಬೀಳಲಿಲ್ಲ.

“ಇಷ್ಟು ದಿನ ಅವರನ್ನ ಬೈಕೋತ ಬೆಳಗ ಮಾಡೀನ್ರಿ ಅಕ್ಕಾರ. ನಾಳೆ ಮುಂಜಾನೆ ಎದ್ದು ಯಾರನ್ನ ಬೈಲಿ?”

ಅಕಿ ಮತ್ತ ನೂಲು ಸುತ್ತಾಕ ಹತ್ತಿದ್ಲು.